ಸೈಕಲ್ ಚಕ್ರದ ಬೆಂಡ್ ತೆಗೆಯಲು ವಿಶೇಷ ಉಪಕರಣ ಬೇಕೇ?

(ಗ್ರಾಮೀಣ ಯುವಜನರ ಕೌಶಲ ತರಬೇತಿಯ ಅಂಗವಾಗಿ ನೀಡಲಾದ ಉಪನ್ಯಾಸದ ಪಠ್ಯ)



1. ವಿಷಯದ ಹಿನ್ನೆಲೆ

ಗ್ರಾಮೀಣ ಪ್ರದೇಶದಲ್ಲಿ ಸೈಕಲ್ ಇಂದಿಗೂ ದುಡಿಯುವ ವಾಹನವಾಗಿಯೇ ಉಳಿದಿದೆ. ಡೇರಿಗೆ ಹಾಲು ಸಾಗಿಸುವವರು, ಹೊಲಕ್ಕೆ ಬುತ್ತಿ ಒಯ್ಯುವವರು, ಬಸ್ಸಿಲ್ಲದ ಊರಿನಿಂದ ಪ್ರೌಢಶಾಲೆಗೆ ಹೋಗುವ ಮಕ್ಕಳು ಅದನ್ನೇ ನೆಚ್ಚಿಕೊಂಡಿದ್ದಾರೆ. ರಾಜ್ಯದಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿಗಳಿಗೆ ಸೈಕಲ್ ವಿತರಿಸುವ ಯೋಜನೆ 2006-07ರಲ್ಲಿ ಆರಂಭವಾಯಿತು. ಆ ಯೋಜನೆಯಲ್ಲಿ ಬಂದ ಸೈಕಲ್ಲುಗಳನ್ನು ಅಕ್ಕನ ನಂತರ ತಂಗಿ, ಅಣ್ಣನ ನಂತರ ತಮ್ಮ ಬಳಸುತ್ತಿರುವುದು ಹಳ್ಳಿಗಳಲ್ಲಿ ಸಾಮಾನ್ಯ ದೃಶ್ಯ.

ಇಂತಹ ಸೈಕಲ್ಲುಗಳು ಮೂಲೆ ಸೇರುವುದು ಬಹುಪಾಲು ಸಣ್ಣ ಕಾರಣಗಳಿಗಾಗಿ. ಪಂಕ್ಚರ್ ಆದರೆ ಮನೆಯವರೇ ಹಾಕಿಕೊಳ್ಳುತ್ತಾರೆ. ಚೈನ್ ಕಳಚಿದರೆ ಮಕ್ಕಳೇ ಏರಿಸಿಕೊಳ್ಳುತ್ತಾರೆ. ಆದರೆ ಚಕ್ರಕ್ಕೆ ಬೆಂಡ್ ಬಂದು, ರಿಮ್ ಒಂದು ಕಡೆಗೆ ಓಲಾಡಿ ಬ್ರೇಕ್ ರಬ್ಬರಿಗೆ ಉಜ್ಜತೊಡಗಿದರೆ ಕೈಹಾಕುವವರು ವಿರಳ. ಮೊದಲು ಬ್ರೇಕನ್ನು ಸಡಿಲಿಸಲಾಗುತ್ತದೆ. ಅನಂತರ ಬ್ರೇಕೇ ಇಲ್ಲದೆ ಓಡಿಸಲಾಗುತ್ತದೆ. ಕೊನೆಗೆ ಸೈಕಲ್ ಕೊಟ್ಟಿಗೆಯ ಗೋಡೆಗೆ ಒರಗುತ್ತದೆ. ಅನೇಕ ಊರುಗಳಲ್ಲಿ ಹಿಂದೆ ಇದ್ದ ಸೈಕಲ್ ಅಂಗಡಿಗಳು ಮೋಟಾರ್‌ಸೈಕಲ್ ರಿಪೇರಿಗೆ ಬದಲಾಗಿವೆ. ಬೆಂಡ್ ತೆಗೆಸಲು ಹೋಬಳಿ ಕೇಂದ್ರಕ್ಕೆ ಒಯ್ಯಬೇಕು. ಓಡದ ಸೈಕಲ್ಲನ್ನು ಒಯ್ಯಲು ಮತ್ತೊಂದು ವಾಹನ ಬೇಕು. ಈ ತೊಡಕಿನಿಂದಾಗಿ ಮಗು ಮತ್ತೆ ನಡೆಯತೊಡಗುತ್ತದೆ.

ಆದ್ದರಿಂದ ಇಂದಿನ ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಪರಿಣಾಮ ಸಣ್ಣದಲ್ಲ. ಮನೆಯಲ್ಲಿ ಸೈಕಲ್ ರಿಪೇರಿ ಮಾಡಿಕೊಳ್ಳುವವರಿಗೆ ಚಕ್ರದ ಬೆಂಡ್ ತೆಗೆಯಲು ವಿಶೇಷ ಉಪಕರಣಗಳು ಅಗತ್ಯವೇ? ಅಗತ್ಯವೆಂದಾದರೆ ಯಾವುವು? ಇಲ್ಲವೆಂದಾದರೆ, ಅವುಗಳ ಕೆಲಸವನ್ನು ಯಾವುದರಿಂದ ಮಾಡಿಕೊಳ್ಳಬೇಕು?

2. ಚಕ್ರ ಭಾರ ಹೊರುವ ಬಗೆ

ಉಪಕರಣದ ಚರ್ಚೆಗೆ ಮುನ್ನ ಸೈಕಲ್ ಚಕ್ರದ ಸ್ವಭಾವವನ್ನು ತಿಳಿಯುವುದು ಅವಶ್ಯಕ. ಎತ್ತಿನ ಬಂಡಿಯ ಗಾಲಿಯಲ್ಲಿ ಮರದ ಅರಗಳು ಕಂಬಗಳಂತೆ ನಿಂತು ಭಾರ ಹೊರುತ್ತವೆ. ಸೈಕಲ್ಲಿನ ಕಡ್ಡಿ ಸುಮಾರು 2 ಮಿ.ಮೀ. ದಪ್ಪದ ತಂತಿ, ಕಂಬವಾಗಿ ನಿಲ್ಲುವ ಶಕ್ತಿ ಅದಕ್ಕಿಲ್ಲ, ಒತ್ತಿದರೆ ಬಾಗಿಬಿಡುತ್ತದೆ. ಅದು ಎಳೆತವನ್ನು ಮಾತ್ರ ತಡೆಯಬಲ್ಲದು.

ಎಳೆತದಿಂದ ನಿಲ್ಲುವ ಚಕ್ರದ ಕಲ್ಪನೆಯನ್ನು 1808ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ತಮ್ಮ ಹಾರುವ ಯಂತ್ರಕ್ಕಾಗಿ ಬರೆದಿಟ್ಟರು. 1869ರಲ್ಲಿ ಪ್ಯಾರಿಸ್ಸಿನ ಯುಜೀನ್ ಮೇಯರ್ ತಂತಿಕಡ್ಡಿಯ ಸೈಕಲ್ ಚಕ್ರಕ್ಕೆ ಪೇಟೆಂಟ್ ಪಡೆದರು. ಕಡ್ಡಿಗಳನ್ನು ಹಬ್ಬಿನಿಂದ ಓರೆಯಾಗಿ, ಒಂದನ್ನೊಂದು ಹಾಯುವಂತೆ ಜೋಡಿಸುವ ಇಂದಿನ ಕ್ರಮಕ್ಕೆ 1874ರಲ್ಲಿ ಜೇಮ್ಸ್ ಸ್ಟಾರ್ಲಿ ಪೇಟೆಂಟ್ ಪಡೆದರು. ಅಂದಿನಿಂದ ಇಂದಿನವರೆಗೆ ಮೂಲತತ್ವ ಬದಲಾಗಿಲ್ಲ.

ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದಿಟ್ಟಿರುವುದರಿಂದ ರಿಮ್ ಎಲ್ಲ ದಿಕ್ಕಿನಿಂದಲೂ ಹಬ್ಬಿನ ಕಡೆಗೆ ಎಳೆಯಲ್ಪಟ್ಟು ಗಟ್ಟಿಯಾಗಿ ನಿಂತಿರುತ್ತದೆ. ಸವಾರ ಕುಳಿತಾಗ ನೆಲದ ಮೇಲಿರುವ ಕೆಳಗಿನ ಕೆಲವು ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ. ಉಳಿದವುಗಳ ಬಿಗಿಯಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಎಂಜಿನಿಯರ್ ಜೋಬ್ಸ್ಟ್ ಬ್ರಾಂಟ್ 1981ರಲ್ಲಿ ಪ್ರಕಟಿಸಿದ, ಸೈಕಲ್ ಚಕ್ರವನ್ನೇ ಕುರಿತ ಪುಸ್ತಕದಲ್ಲಿ ಇದನ್ನು ಲೆಕ್ಕಾಚಾರ ಸಹಿತ ವಿವರಿಸಿದರು. ಮುಖ್ಯ ಅಂಶವಿಷ್ಟು: ಕಳೆದುಕೊಳ್ಳಲು ಸಾಕಷ್ಟು ಬಿಗಿ ಇದ್ದರೆ ಮಾತ್ರ ಕಡ್ಡಿ ಭಾರ ಹೊರಬಲ್ಲದು. ಬಿಗಿ ಕಡಿಮೆಯಿದ್ದರೆ ಚಕ್ರದ ಪ್ರತಿ ಸುತ್ತಿನಲ್ಲೂ ಕಡ್ಡಿ ಒಮ್ಮೆ ಪೂರ್ತಿ ಸಡಿಲಗೊಂಡು ಮತ್ತೆ ಜಗ್ಗುತ್ತದೆ. ಸಡಿಲಗೊಂಡ ಕ್ಷಣದಲ್ಲಿ ನಿಪ್ಪಲ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಹಬ್ಬಿನ ಬಳಿಯ ಬಾಗಿನಲ್ಲಿ ಕಡ್ಡಿ ದಣಿದು ತುಂಡಾಗುತ್ತದೆ.

ಇದರ ಪ್ರಮಾಣವನ್ನು ಲೆಕ್ಕ ಹಾಕಬಹುದು. 28 ಅಂಗುಲದ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಶಾಲೆಗೆ ಹೋಗಿಬರುವ ದಾರಿ ಒಟ್ಟು 8 ಕಿ.ಮೀ. ಇದ್ದರೆ ಚಕ್ರ ದಿನಕ್ಕೆ ಸುಮಾರು 3,600 ಸುತ್ತು ತಿರುಗುತ್ತದೆ. 200 ಶಾಲಾ ದಿನಗಳಿಗೆ ಅದು 7 ಲಕ್ಷ ಸುತ್ತುಗಳನ್ನು ಮೀರುತ್ತದೆ. ಸಡಿಲ ಕಡ್ಡಿಯೊಂದು ವರ್ಷಕ್ಕೆ ಅಷ್ಟು ಸಲ ಜಗ್ಗಾಟಕ್ಕೆ ಒಳಗಾದರೆ ಅದು ತುಂಡಾಗುವುದು ಆಶ್ಚರ್ಯವಲ್ಲ. ಹಾಲಿನ ಸೈಕಲ್ಲಿನ ಸ್ಥಿತಿ ಇನ್ನೂ ಕಠಿಣ. 20 ಲೀಟರಿನ ಎರಡು ಕ್ಯಾನುಗಳಲ್ಲಿ ಹಾಲೊಂದೇ 41 ಕಿಲೋ ತೂಗುತ್ತದೆ. ಆ ಭಾರವೆಲ್ಲ ಬಹುತೇಕ ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆ.

3. ಅಂಗಡಿಯ ವಿಶೇಷ ಉಪಕರಣಗಳು

ಚಕ್ರದ ಕೆಲಸಕ್ಕೆಂದೇ ತಯಾರಾದ ಉಪಕರಣಗಳು ಮುಖ್ಯವಾಗಿ ನಾಲ್ಕು.

ಅ) ನಿಪ್ಪಲ್ ಕೀ: ನಿಪ್ಪಲ್ಲನ್ನು ತಿರುಗಿಸುವ ಸಣ್ಣ ಕೀಲಿ.
ಆ) ಟ್ರೂಯಿಂಗ್ ಸ್ಟ್ಯಾಂಡ್: ಚಕ್ರವನ್ನು ಕೂರಿಸಿ ತಿರುಗಿಸುತ್ತ, ಎರಡು ಮುಳ್ಳುಗಳ ನಡುವೆ ರಿಮ್ಮಿನ ಓಲಾಟವನ್ನು ನೋಡುವ ಚೌಕಟ್ಟು.
ಇ) ನಡುಗೇಜು: ರಿಮ್ ಹಬ್ಬಿನ ಸರಿಯಾದ ನಡುವಿನಲ್ಲಿದೆಯೇ ಎಂದು ನೋಡುವ ಬಿಲ್ಲಿನಾಕಾರದ ಅಳತೆಪಟ್ಟಿ.
ಈ) ಟೆನ್ಷನ್ ಮೀಟರ್: ಕಡ್ಡಿಯ ಬಿಗಿಯನ್ನು ಅಳೆಯುವ ಸಾಧನ.

ಇವುಗಳಲ್ಲಿ ಮೊದಲನೆಯದು ಅಗ್ಗ. ಉಳಿದ ಮೂರನ್ನು ಒಳ್ಳೆಯ ಗುಣಮಟ್ಟದಲ್ಲಿ ಕೊಂಡರೆ ಸಾವಿರಾರು ರೂಪಾಯಿ ತಗಲುತ್ತದೆ. ಇವು ವ್ಯರ್ಥವೆಂದು ಹೇಳುವುದು ಸರಿಯಲ್ಲ. ದಿನಕ್ಕೆ ಹತ್ತಾರು ಚಕ್ರ ಕಟ್ಟುವವರಿಗೆ ಸ್ಟ್ಯಾಂಡ್ ಸಮಯ ಉಳಿಸುತ್ತದೆ, ಬೆನ್ನುನೋವು ತಪ್ಪಿಸುತ್ತದೆ. ಆದರೆ ವರ್ಷಕ್ಕೆ ಒಂದೆರಡು ಸಲ ಬೆಂಡ್ ತೆಗೆಯುವ ಮನೆಯಲ್ಲಿ ಇವುಗಳಲ್ಲಿ ಯಾವುದು ಅನಿವಾರ್ಯ, ಯಾವುದು ಅನುಕೂಲ ಮಾತ್ರ ಎಂಬುದನ್ನು ಒಂದೊಂದಾಗಿ ಪರಿಶೀಲಿಸಬೇಕು.

4. ಬದಲಿಯಿಲ್ಲದ ಒಂದೇ ಉಪಕರಣ

ನಿಪ್ಪಲ್ ಕೀಗೆ ಬದಲಿಯಿಲ್ಲ. ಸಾಮಾನ್ಯ ನಿಪ್ಪಲ್ಲಿನ ಚೌಕದ ಅಗಲ 3.2ರಿಂದ 3.5 ಮಿ.ಮೀ. ಒಳಗಿರುತ್ತದೆ. ಇಕ್ಕಳದಿಂದ ಹಿಡಿದು ತಿರುಗಿಸಿದರೆ ಅದರ ಮೂಲೆಗಳು ಸವೆದು ದುಂಡಾಗುತ್ತವೆ. ಆಮೇಲೆ ಸರಿಯಾದ ಕೀ ತಂದರೂ ಅದು ಹಿಡಿಯುವುದಿಲ್ಲ. ತುಕ್ಕು ಹಿಡಿದ ನಿಪ್ಪಲ್ ದುಂಡಾದರೆ ಕಡ್ಡಿಯನ್ನೇ ಕತ್ತರಿಸಬೇಕಾಗುತ್ತದೆ. ಹಲವು ಕಚ್ಚುಗಳಿರುವ ದುಂಡು ಕೀ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಬಳಸುವಾಗ ನಿಪ್ಪಲ್ಲಿಗೆ ಕೂರುವ ಕಚ್ಚುಗಳಲ್ಲಿ ಅತ್ಯಂತ ಬಿಗಿಯಾದುದನ್ನೇ ಆರಿಸಿಕೊಳ್ಳಬೇಕು. ಒಂದು ಕಚ್ಚು ದೊಡ್ಡದಾದರೂ ಮೂಲೆ ಸವೆಯುತ್ತದೆ. ಕೆಲಸಕ್ಕೆ ಮೊದಲು ಪ್ರತಿ ನಿಪ್ಪಲ್ಲಿನ ಬಾಯಿಗೆ ಒಂದು ಹನಿ ಯಂತ್ರದ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯುವುದು ಒಳಿತು.

5. ಸೈಕಲ್ಲೇ ಸ್ಟ್ಯಾಂಡ್

ಸ್ಟ್ಯಾಂಡ್ ಮಾಡುವ ಕೆಲಸಗಳು ಎರಡೇ. ಚಕ್ರವನ್ನು ಅದರ ಅಚ್ಚಿನ ಮೇಲೆ ಅಲುಗದಂತೆ ಹಿಡಿಯುವುದು ಒಂದು. ರಿಮ್ಮಿನ ಪಕ್ಕದಲ್ಲಿ ಕದಲದ ಗುರುತೊಂದನ್ನು ನಿಲ್ಲಿಸುವುದು ಇನ್ನೊಂದು. ಮೊದಲ ಕೆಲಸವನ್ನು ಸೈಕಲ್ಲಿನ ಫ್ರೇಮ್ ಮತ್ತು ಫೋರ್ಕ್ ಪ್ರತಿದಿನ ಮಾಡುತ್ತಲೇ ಇರುತ್ತವೆ. ಗೋಣಿಚೀಲ ಹಾಸಿ ಸೈಕಲ್ಲನ್ನು ಸೀಟು ಮತ್ತು ಹ್ಯಾಂಡಲ್ ಮೇಲೆ ತಲೆಕೆಳಗಾಗಿ ನಿಲ್ಲಿಸಿದರೆ ಸ್ಟ್ಯಾಂಡ್ ಸಿದ್ಧವಾಯಿತು. ಸರಳಿನ ಬ್ರೇಕಿರುವ ಹಳೆಯ ದೊಡ್ಡ ಸೈಕಲ್ಲುಗಳಲ್ಲಿ ಹ್ಯಾಂಡಲ್ ಕೆಳಗಿನ ಸರಳುಗಳಿಗೆ ಪೆಟ್ಟಾಗದಂತೆ ತೊಲೆಗೆ ಹಗ್ಗ ಕಟ್ಟಿ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿದರೂ ಸಾಕು.

ಎರಡನೆಯ ಕೆಲಸಕ್ಕೆ ಪೊರಕೆ ಕಡ್ಡಿ ಅಥವಾ ಬಿದಿರಿನ ಸೀಳು ಸಾಕಾಗುತ್ತದೆ. ಮುಂದಿನ ಚಕ್ರವಾದರೆ ಫೋರ್ಕಿನ ಕಾಲಿಗೆ, ಹಿಂದಿನದಾದರೆ ಸೀಟಿನಿಂದ ಅಚ್ಚಿಗೆ ಇಳಿಯುವ ಪೈಪಿಗೆ, ಹಳೆಯ ಟ್ಯೂಬಿನ ಪಟ್ಟಿಯಿಂದ ಅದನ್ನು ಬಿಗಿಯಾಗಿ ಕಟ್ಟಬೇಕು. ಅದರ ತುದಿ ರಿಮ್ಮಿನ ಪಕ್ಕಕ್ಕೆ ತಾಗಿಯೂ ತಾಗದಂತಿರಬೇಕು. ಚಕ್ರವನ್ನು ನಿಧಾನವಾಗಿ ತಿರುಗಿಸಿದಾಗ ಎಲ್ಲಿ ಕಡ್ಡಿ ಸರ್ ಎಂದು ಉಜ್ಜುತ್ತದೋ ಅಲ್ಲಿ ರಿಮ್ ಆ ಕಡೆಗೆ ವಾಲಿದೆ ಎಂದರ್ಥ. ಆ ಜಾಗದ ಆರಂಭ ಮತ್ತು ಕೊನೆಯನ್ನು ಸೀಮೆಸುಣ್ಣದಿಂದ ಗುರುತಿಸಿಕೊಳ್ಳಬೇಕು.

ಎಷ್ಟು ನೇರವಾಗಿದ್ದರೆ ಸಾಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಬ್ರೇಕ್ ರಬ್ಬರ್ ಮತ್ತು ರಿಮ್ಮಿನ ನಡುವೆ ಸಾಮಾನ್ಯವಾಗಿ 2ರಿಂದ 3 ಮಿ.ಮೀ. ಅಂತರವಿರುತ್ತದೆ. ಶಾಲೆಯ ಸೈಕಲ್ಲಿಗೆ ಒಟ್ಟು ಓಲಾಟ 1 ಮಿ.ಮೀ. ಒಳಗಿದ್ದರೆ ಧಾರಾಳವಾಗಿ ಸಾಕು. ಇದನ್ನು ಅಳೆಯುವ ಗೇಜು ಬಹುತೇಕ ಮನೆಗಳಲ್ಲಿದೆ: ಬ್ಯಾಂಕಿನ ಎ.ಟಿ.ಎಂ. ಕಾರ್ಡಿನ ದಪ್ಪ 0.76 ಮಿ.ಮೀ. ರಿಮ್ ಅತಿ ಹೆಚ್ಚು ವಾಲಿದ ಜಾಗದಲ್ಲಿ ಪೊರಕೆ ಕಡ್ಡಿ ತಾಗಿಯೂ ತಾಗದಂತಿದ್ದು, ಅತಿ ಹೆಚ್ಚು ದೂರ ಸರಿದ ಜಾಗದ ಸಂದಿಯಲ್ಲಿ ಒಂದು ಕಾರ್ಡು ಬಿಗಿಯಾಗಿ ಕೂತರೆ ಚಕ್ರ ಸರಿಯಾಗಿದೆ. ಎರಡು ಕಾರ್ಡು ಸೇರಿಸಿದರೂ ಸಡಿಲವಾಗಿ ತೂರಿದರೆ ಕೆಲಸ ಬಾಕಿಯಿದೆ. ಈ ಮಟ್ಟದ ನಿಖರತೆಗೆ ಕಣ್ಣು ಮತ್ತು ಕದಲದ ಗುರುತು ಸಾಕು. ದುಬಾರಿ ಚೌಕಟ್ಟು ಅದಕ್ಕಿಂತ ಹೆಚ್ಚಿನದೇನನ್ನೂ ಈ ಸೈಕಲ್ಲಿಗೆ ಕೊಡಲಾರದು.

ಇದಕ್ಕೊಂದು ನಿಬಂಧನೆಯುಂಟು. ಹಬ್ಬಿನ ಕೋನ್ ಸಡಿಲವಿದ್ದರೆ ಚಕ್ರವಿಡೀ ಅಚ್ಚಿನ ಮೇಲೆ ಅತ್ತಿತ್ತ ಆಡುತ್ತದೆ. ಆ ಆಟವನ್ನು ಬೆಂಡ್ ಎಂದು ತಿಳಿದು ಕಡ್ಡಿ ತಿರುಗಿಸಿದರೆ ಚಕ್ರ ನಿಜವಾಗಿಯೂ ಕೆಡುತ್ತದೆ. ಆದ್ದರಿಂದ ರಿಮ್ಮನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಿ, ಮೊದಲು ಕೋನ್ ಸರಿಪಡಿಸಿ, ಅಚ್ಚಿನ ನಟ್ಟುಗಳನ್ನು ಬಿಗಿದು, ಬಳಿಕವೇ ಕಡ್ಡಿಗೆ ಕೈಹಾಕಬೇಕು. ಹಾಗೆಯೇ ಟಯರ್ ರಿಮ್ಮಿನಲ್ಲಿ ಸರಿಯಾಗಿ ಕೂರದೆ ಓಲಾಡುವುದುಂಟು. ನೋಡಬೇಕಾದುದು ರಿಮ್ಮನ್ನು, ಟಯರನ್ನಲ್ಲ.

6. ನಡುವನ್ನು ನೋಡಲು ತಿರುಗುಮುರುಗು ಪರೀಕ್ಷೆ

ಫ್ರೇಮ್ ಸ್ವತಃ ಸೊಟ್ಟಗಿದ್ದರೆ ಅದನ್ನು ಆಧಾರವಾಗಿಟ್ಟುಕೊಂಡು ಚಕ್ರ ನೇರಗೊಳಿಸುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಇದಕ್ಕೆ ಉತ್ತರವನ್ನು ಸಂತೆಯ ವ್ಯವಹಾರ ಬಲ್ಲವರು ಎಂದೋ ಕಂಡುಕೊಂಡಿದ್ದಾರೆ. ತಕ್ಕಡಿಯ ಮೇಲೆ ಅನುಮಾನ ಬಂದ ಗ್ರಾಹಕ ಬೇರೆ ತಕ್ಕಡಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಕಲ್ಲು ಮತ್ತು ಸಾಮಾನನ್ನು ತಟ್ಟೆ ಬದಲಿಸಿ ತೂಗಿಸುತ್ತಾನೆ. ಗಾರೆ ಕೆಲಸದವರು ರಸಮಟ್ಟವನ್ನು ತಿರುಗಿಸಿಟ್ಟು ಗುಳ್ಳೆ ಅದೇ ಜಾಗಕ್ಕೆ ಬರುತ್ತದೆಯೇ ಎಂದು ನೋಡುತ್ತಾರೆ. ಸಾಧನದ ದೋಷ ತಿರುಗಿಸಿದಾಗ ಬಯಲಾಗುತ್ತದೆ.

ಚಕ್ರಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. ಮುಂದಿನ ಚಕ್ರವನ್ನು ಫೋರ್ಕಿನಲ್ಲಿ ಕೂರಿಸಿ, ಎಡಗಾಲಿನಿಂದ ರಿಮ್ಮಿಗೆ ಇರುವ ಅಂತರವನ್ನು ಪೊರಕೆ ಕಡ್ಡಿಯಿಂದ ಗುರುತಿಸಬೇಕು. ಬಳಿಕ ಚಕ್ರವನ್ನು ಬಿಚ್ಚಿ, ಎಡಬಲ ಅದಲುಬದಲು ಮಾಡಿ ಕೂರಿಸಬೇಕು. ಅದೇ ಎಡಗಾಲಿನಿಂದ ಅಂತರ ಅಷ್ಟೇ ಇದ್ದರೆ ರಿಮ್ ಹಬ್ಬಿನ ನಟ್ಟನಡುವೆ ಇದೆ. ಫೋರ್ಕ್ ಸೊಟ್ಟಗಿದ್ದರೂ ಈ ತೀರ್ಮಾನ ಕೆಡುವುದಿಲ್ಲ. ಅಂತರದಲ್ಲಿ 4 ಮಿ.ಮೀ. ವ್ಯತ್ಯಾಸ ಕಂಡರೆ ರಿಮ್ ನಡುವಿನಿಂದ 2 ಮಿ.ಮೀ. ಸರಿದಿದೆ ಎಂದರ್ಥ. ದೋಷ ಇಮ್ಮಡಿಯಾಗಿ ಕಾಣುವುದರಿಂದ ಈ ಪರೀಕ್ಷೆ ಒರಟಾದುದಲ್ಲ, ಸೂಕ್ಷ್ಮವಾದುದೇ. ದುಬಾರಿ ಸ್ಟ್ಯಾಂಡುಗಳೂ ಕಾಲಕ್ರಮದಲ್ಲಿ ನಡು ತಪ್ಪುತ್ತವೆ. ಅವುಗಳನ್ನು ಪರೀಕ್ಷಿಸಲೂ ಚಕ್ರವನ್ನು ತಿರುಗಿಸಿ ನೋಡಬಹುದು.

ಗೇರಿಲ್ಲದ ಸೈಕಲ್ಲಿನ ಹಿಂದಿನ ಚಕ್ರವನ್ನೂ ಚೈನ್ ಕಳಚಿ ಹೀಗೆಯೇ ತಿರುಗಿಸಿ ನೋಡಬಹುದು. ಚಕ್ರವನ್ನು ಎರಡೂ ಸಲ ಅಚ್ಚು ಪೂರ್ತಿ ಒಳಸೇರುವಂತೆ ಒಂದೇ ರೀತಿ ಕೂರಿಸಿರಬೇಕೆಂಬುದಷ್ಟೇ ಎಚ್ಚರಿಕೆ.

7. ಬಿಗಿಯನ್ನು ಅಳೆಯುವ ಕಿವಿ

ಟೆನ್ಷನ್ ಮೀಟರ್ ಇಲ್ಲದೆ ಬಿಗಿಯನ್ನು ಅರಿಯುವ ಉಪಾಯ ತಂಬೂರಿ, ಏಕತಾರಿ ನುಡಿಸುವವರಿಗೆ ಗೊತ್ತಿರುವುದೇ ಆಗಿದೆ. ಕಡ್ಡಿಯನ್ನು ಬೆರಳಿನಿಂದ ಮೀಟಿದರೆ ನಾದ ಹೊರಡುತ್ತದೆ. ಬಿಗಿ ಹೆಚ್ಚಿದಷ್ಟೂ ಶ್ರುತಿ ಏರುತ್ತದೆ. ತಂತಿಯ ಕಂಪನಸಂಖ್ಯೆ ಬಿಗಿಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಹಾಗಾಗಿ ಎರಡು ಕಡ್ಡಿಗಳ ಬಿಗಿಯಲ್ಲಿ ಶೇ 20ರಷ್ಟು ವ್ಯತ್ಯಾಸವಿದ್ದರೆ ನಾದದಲ್ಲಿ ಸುಮಾರು ಶೇ 10ರಷ್ಟು ವ್ಯತ್ಯಾಸ ಕೇಳುತ್ತದೆ. ಇದು ಸರಿಸುಮಾರು ಸರಿಗಮದ ‘ಸ’ದಿಂದ ‘ರಿ’ಗೆ ಏರುವಷ್ಟು ಅಂತರ. ಸಂಗೀತ ಕಲಿಯದ ಕಿವಿಗೂ ಅದು ಗೊತ್ತಾಗುತ್ತದೆ.

ಹೋಲಿಕೆ ಮಾಡುವಾಗ ಒಂದೇ ಚಕ್ರದ ಒಂದೇ ಪಕ್ಕದ ಕಡ್ಡಿಗಳನ್ನು ಪರಸ್ಪರ ಹೋಲಿಸಬೇಕು. ಕಡ್ಡಿಗಳು ಹಾಯುವ ಜಾಗದಿಂದ ರಿಮ್ಮಿನ ಕಡೆಗೆ ಒಂದೇ ಅಂತರದಲ್ಲಿ ಮೀಟಬೇಕು. ಎಲ್ಲವೂ ಕೂಡಿ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿರಬೇಕು. ತಬಲದ ಬಾಯಿಯನ್ನು ಸುತ್ತಲೂ ತಟ್ಟಿ ಸಮಶ್ರುತಿಗೆ ತರುವಂತೆಯೇ ಇದು. ‘ಠಣ್’ ಎನ್ನುವ ಕಡ್ಡಿಗಳ ನಡುವೆ ‘ದಬ್’ ಎಂದು ಸತ್ತ ದನಿ ಕೊಡುವ ಕಡ್ಡಿ ಸಿಕ್ಕರೆ ಬೆಂಡಿನ ಮೂಲ ಬಹುಶಃ ಅದೇ. ಒಟ್ಟಾರೆ ಬಿಗಿ ಎಷ್ಟಿರಬೇಕೆಂದು ತಿಳಿಯಲು ಚೆನ್ನಾಗಿ ಓಡುತ್ತಿರುವ ಅದೇ ಬಗೆಯ ಇನ್ನೊಂದು ಸೈಕಲ್ಲಿನ ಚಕ್ರವನ್ನು ಮೀಟಿ ನೋಡಿ ಹೋಲಿಸುವುದು ಸುರಕ್ಷಿತ ಕ್ರಮ.

8. ಕೆಲಸದ ಕ್ರಮ

ಮನೆಯಲ್ಲಿ ಬೆಂಡ್ ತೆಗೆಯಲು ಹೋಗಿ ಚಕ್ರ ಕೆಡಿಸಿಕೊಂಡವರ ತೊಂದರೆ ಸಾಮಾನ್ಯವಾಗಿ ಉಪಕರಣದ ಕೊರತೆಯಿಂದ ಬಂದುದಲ್ಲ, ಕ್ರಮ ತಪ್ಪಿದ್ದರಿಂದ ಬಂದುದು. ಆದ್ದರಿಂದ ಕ್ರಮವನ್ನು ವಿವರವಾಗಿ ನೀಡಲಾಗಿದೆ.

ಮೊದಲನೆಯದು ತಿರುಗಿಸುವ ದಿಕ್ಕು. ಟಯರಿನ ಕಡೆಯಿಂದ ನೋಡಿದಾಗ ನಿಪ್ಪಲ್ಲನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಕಡ್ಡಿ ಬಿಗಿಯುತ್ತದೆ. ಅದೇ ನಿಪ್ಪಲ್ಲನ್ನು ಹಬ್ಬಿನ ಕಡೆಯಿಂದ ನೋಡಿದರೆ ಬಿಗಿಯುವ ದಿಕ್ಕು ತಿರುವುಮುರುವಾಗಿ ಕಾಣುತ್ತದೆ. ಚಕ್ರದ ಮೇಲ್ಭಾಗದಲ್ಲಿ ಒಮ್ಮೆ, ಕೆಳಭಾಗದಲ್ಲಿ ಒಮ್ಮೆ ಕೀ ಹಾಕುವವರು ಇಲ್ಲಿಯೇ ಎಡವುತ್ತಾರೆ. ಕೆಲಸದ ಜಾಗವನ್ನು ಯಾವಾಗಲೂ ಚಕ್ರದ ಮೇಲ್ತುದಿಗೆ ತಂದುಕೊಂಡು, ಮೇಲಿನಿಂದ ನೋಡಿ ತಿರುಗಿಸುವ ಅಭ್ಯಾಸವಿಟ್ಟುಕೊಂಡರೆ ಗೊಂದಲವಿಲ್ಲ.

ಎರಡನೆಯದು ತಿರುಗಿಸುವ ಪ್ರಮಾಣ. 2 ಮಿ.ಮೀ. ಕಡ್ಡಿಯ ಮರೆ ಒಂದು ಅಂಗುಲಕ್ಕೆ 56 ಸುತ್ತುಗಳಷ್ಟು ಸಣ್ಣದು. ನಿಪ್ಪಲ್ ಒಂದು ಪೂರ್ತಿ ಸುತ್ತು ತಿರುಗಿದರೆ ಕಡ್ಡಿ 0.45 ಮಿ.ಮೀ. ಎಳೆಯಲ್ಪಡುತ್ತದೆ, ಕಾಲು ಸುತ್ತಿಗೆ 0.11 ಮಿ.ಮೀ. ಇದು ಅತ್ಯಲ್ಪವೆಂದು ತೋರಬಹುದು. ಆದರೆ 300 ಮಿ.ಮೀ. ಉದ್ದದ ಉಕ್ಕಿನ ಕಡ್ಡಿಯನ್ನು, ರಿಮ್ ಸ್ವಲ್ಪವೂ ಜರುಗದೆ, 0.45 ಮಿ.ಮೀ. ಹಿಗ್ಗಿಸಲು ಸುಮಾರು 95 ಕಿಲೋ ತೂಕದ ಎಳೆತ ಬೇಕು. ರಿಮ್ ಕೊಂಚ ಬಿಟ್ಟುಕೊಡುವುದರಿಂದ ವಾಸ್ತವದಲ್ಲಿ ಎಳೆತ ಅದಕ್ಕಿಂತ ಕಡಿಮೆ. ಆದರೂ ಚೆನ್ನಾಗಿ ಬಿಗಿದ ಕಡ್ಡಿಯೊಂದರ ಒಟ್ಟು ಬಿಗಿ 100 ಕಿಲೋ ಆಸುಪಾಸಿನಲ್ಲಿರುವಾಗ, ಒಂದು ಸುತ್ತು ಎಷ್ಟು ದೊಡ್ಡ ಬದಲಾವಣೆ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಕಾಲು ಸುತ್ತನ್ನು ಮೀರಬಾರದು. ಕೆಲಸ ಮುಗಿಯುತ್ತ ಬಂದಂತೆ ಅದರ ಅರ್ಧ ಸಾಕು.

ಮೂರನೆಯದು ಜೋಡಿ ನಿಯಮ. ರಿಮ್ ಎಡಕ್ಕೆ ವಾಲಿದ್ದರೆ ಆ ಜಾಗದಲ್ಲಿ ಹಬ್ಬಿನ ಬಲಬದಿಯಿಂದ ಬರುವ ಕಡ್ಡಿಗಳನ್ನು ಕಾಲು ಸುತ್ತು ಬಿಗಿದು, ಅವುಗಳ ನಡುವೆ ಎಡಬದಿಯಿಂದ ಬರುವ ಕಡ್ಡಿಗಳನ್ನು ಅಷ್ಟೇ ಸಡಿಲಿಸಬೇಕು. ಬರೀ ಬಿಗಿಯುತ್ತ ಹೋದರೆ ರಿಮ್ ಆ ಜಾಗದಲ್ಲಿ ಹಬ್ಬಿನ ಕಡೆಗೆ ತಗ್ಗಿ, ಚಕ್ರ ತನ್ನ ದುಂಡುತನ ಕಳೆದುಕೊಳ್ಳುತ್ತದೆ. ಪ್ರತಿ ಸುತ್ತಿಗೂ ಸವಾರನನ್ನು ಎತ್ತಿಹಾಕುತ್ತದೆ. ಹಾಗೆ ಬಿಗಿಯುವುದು ಅತಿಯಾದರೆ ರಿಮ್ ಹುರಿದ ಹಪ್ಪಳದಂತೆ ತಿರುಚಿಕೊಂಡೀತು. ಆದರೆ ಸತ್ತ ದನಿಯ ಕಡ್ಡಿ ಇದ್ದಲ್ಲಿ ಜೋಡಿ ನಿಯಮಕ್ಕಿಂತ ಮೊದಲು ಆ ಕಡ್ಡಿಯನ್ನೇ ನೆರೆಯವುಗಳ ಶ್ರುತಿಗೆ ತರಬೇಕು. ಬಹಳ ಸಲ ಅಷ್ಟರಿಂದಲೇ ಬೆಂಡ್ ಅರ್ಧಕ್ಕೆ ಇಳಿಯುತ್ತದೆ.

ನಾಲ್ಕನೆಯದು ದುಂಡುತನ. ಪೊರಕೆ ಕಡ್ಡಿಯನ್ನು ರಿಮ್ಮಿನ ಪಕ್ಕದಿಂದ ತೆಗೆದು ಅದರ ಹೊರ ಅಂಚಿಗೆ ಎದುರಾಗಿ ಕಟ್ಟಿ, ಏರುತಗ್ಗನ್ನು ನೋಡಬೇಕು. ಉಬ್ಬಿದ ಜಾಗದಲ್ಲಿ ಎರಡೂ ಬದಿಯ ಕಡ್ಡಿಗಳನ್ನು ಸಮವಾಗಿ ಬಿಗಿಯಬೇಕು. ತಗ್ಗಿದ ಜಾಗದಲ್ಲಿ ಸಮವಾಗಿ ಸಡಿಲಿಸಬೇಕು. ಇದಾದ ಬಳಿಕ ಪಕ್ಕದ ಓಲಾಟವನ್ನು ಮತ್ತೊಮ್ಮೆ ನೋಡಬೇಕು. ಒಂದನ್ನು ಸರಿಪಡಿಸುವಾಗ ಇನ್ನೊಂದು ಸ್ವಲ್ಪ ಕೆಡುವುದು ಸಹಜ.

ಐದನೆಯದು ಕಡ್ಡಿಗಳನ್ನು ಪಳಗಿಸುವುದು. ನಿಪ್ಪಲ್ ತಿರುಗಿಸುವಾಗ ಕಡ್ಡಿಯೂ ಅದರೊಂದಿಗೆ ಕೊಂಚ ಹುರಿಗೊಳ್ಳುತ್ತದೆ. ಸೈಕಲ್ ಓಡಿದಾಗ ಆ ಹುರಿ ಬಿಚ್ಚಿಕೊಂಡು ಬೆಂಡ್ ಮರಳುತ್ತದೆ. ಇದನ್ನು ತಪ್ಪಿಸಲು ಬೇಕಾದುದಕ್ಕಿಂತ ತುಸು ಹೆಚ್ಚು ತಿರುಗಿಸಿ ಅಷ್ಟೇ ಹಿಂದಕ್ಕೆ ತರಬೇಕು. ಕೊನೆಯಲ್ಲಿ ಒಂದೇ ಬದಿಯ ಎರಡೆರಡು ಸಮಾನಾಂತರ ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಬಲವಾಗಿ ಒತ್ತುತ್ತ ಚಕ್ರವನ್ನು ಪೂರ್ತಿ ಸುತ್ತಿಬರಬೇಕು. ಬಳಿಕ ಮತ್ತೊಮ್ಮೆ ಕಾರ್ಡಿನ ಪರೀಕ್ಷೆ ನಡೆಸಬೇಕು.

ಆರನೆಯದನ್ನು ಮರೆಯುವವರೇ ಹೆಚ್ಚು. ಬಿಗಿದ ಕಡ್ಡಿಯ ತುದಿ ನಿಪ್ಪಲ್ಲಿನಿಂದ ಮೇಲೆದ್ದು ಟ್ಯೂಬನ್ನು ಚುಚ್ಚಬಹುದು. ಹೆಚ್ಚು ಸುತ್ತು ತಿರುಗಿಸಿದ್ದಲ್ಲಿ ಟಯರ್ ಬಿಚ್ಚಿ, ಚಾಚಿದ ತುದಿಯನ್ನು ಅರದಿಂದ ಉಜ್ಜಿ, ರಿಮ್ಮಿನ ಒಳಪಟ್ಟಿಯನ್ನು ಸರಿಯಾಗಿ ಕೂರಿಸಬೇಕು.

9. ಎಲ್ಲಿ ನಿಲ್ಲಿಸಬೇಕು

ಮನೆಯ ಕೆಲಸಕ್ಕೆ ಮಿತಿಯಿದೆ. ಆ ಮಿತಿಯನ್ನು ತೋರಿಸುವುದು ಸ್ಟ್ಯಾಂಡ್ ಅಲ್ಲ, ಕಡ್ಡಿಯ ದನಿ. ರಿಮ್ ಎಡಕ್ಕೆ ವಾಲಿದ ಜಾಗದಲ್ಲಿ ಸಹಜವಾಗಿ ಎಡಬದಿಯ ಕಡ್ಡಿಗಳು ಹೆಚ್ಚು ಬಿಗಿಯಾಗಿ ಇಲ್ಲವೇ ಬಲಬದಿಯವು ಸಡಿಲವಾಗಿ ಇರಬೇಕು. ಅದಕ್ಕೆ ವ್ಯತಿರಿಕ್ತವಾಗಿ, ಎಡಕ್ಕೆ ವಾಲಿದಲ್ಲಿ ಎಡಬದಿಯ ಕಡ್ಡಿಗಳೇ ಸಡಿಲವಿದ್ದು ಬಲಬದಿಯವು ಬಿಗಿಯಾಗಿದ್ದರೆ, ರಿಮ್ಮಿನ ಲೋಹವೇ ಬಾಗಿದೆ ಎಂದು ತಿಳಿಯಬೇಕು. ಹಳ್ಳಕ್ಕೆ ಬಿದ್ದ, ಬಂಡಿಗೆ ತಗುಲಿದ ಚಕ್ರಗಳಲ್ಲಿ ಇದು ಕಂಡುಬರುತ್ತದೆ. ಅದನ್ನು ಕಡ್ಡಿಯ ಬಲದಿಂದ ನೇರಗೊಳಿಸಲು ಹೊರಟರೆ ಒಂದು ಬದಿ ಅತಿ ಬಿಗಿಯಾಗಿ ಇನ್ನೊಂದು ಬದಿ ಸತ್ತುಹೋಗುತ್ತದೆ. ಚಕ್ರ ಕೆಲವೇ ದಿನಗಳಲ್ಲಿ ಮತ್ತೆ ಕೆಡುತ್ತದೆ. ಇಂತಹ ಚಕ್ರವನ್ನು, ಹಾಗೆಯೇ ನಿಪ್ಪಲ್ ರಂಧ್ರದ ಬಳಿ ಬಿರುಕು ಬಿಟ್ಟ ರಿಮ್ಮನ್ನು, ಹಲವು ಕಡ್ಡಿ ತುಂಡಾದ ಚಕ್ರವನ್ನು ಅನುಭವಿ ಮೆಕ್ಯಾನಿಕ್ ಬಳಿಗೆ ಒಯ್ಯಬೇಕು.

ಹಲವು ಗೇರುಗಳ ಸೈಕಲ್ಲಿನ ಹಿಂದಿನ ಚಕ್ರ ಇನ್ನೊಂದು ಅಪವಾದ. ಗೇರುಗಳ ಗೊಂಚಲಿಗೆ ಜಾಗ ಬಿಡಲು ಆ ಬದಿಯ ಕಡ್ಡಿಗಳು ಹೆಚ್ಚು ನೆಟ್ಟಗೆ ಮತ್ತು ಬಹಳ ಹೆಚ್ಚು ಬಿಗಿಯಾಗಿ ನಿಂತಿರುತ್ತವೆ. ಕಡ್ಡಿಗಳ ಸಂಖ್ಯೆ ಕಡಿಮೆಯಿರುವ ಚಕ್ರಗಳಲ್ಲಿ ಒಂದೊಂದರ ಮೇಲೂ ಹೆಚ್ಚು ಹೊರೆ ಬೀಳುತ್ತದೆ. ಅಲ್ಲಿ ಟೆನ್ಷನ್ ಮೀಟರ್ ನಿಜಕ್ಕೂ ಉಪಯುಕ್ತ. ಹಳೆಯ ಮಾದರಿಯ ದೊಡ್ಡ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳಿರುತ್ತವೆ. ಇತರ ಅನೇಕ ಸಾಮಾನ್ಯ ಸೈಕಲ್ಲುಗಳಲ್ಲಿ ಎರಡಕ್ಕೂ 36. ಇವು ಸಣ್ಣಪುಟ್ಟ ವ್ಯತ್ಯಾಸವನ್ನು ತಾಳಿಕೊಳ್ಳುವಷ್ಟು ಉದಾರವಾದ ಚಕ್ರಗಳು. ಕಲಿಯುವವರಿಗೆ ಸೂಕ್ತವಾದವು ಕೂಡ.

ಮನೆಯಲ್ಲಿಯೇ ಬೆಂಡ್ ತೆಗೆಯುವುದು ಸೈಕಲ್ ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂಬ ಆಕ್ಷೇಪಕ್ಕೂ ಉತ್ತರ ಕೊಡಬೇಕು. ಮೂಲೆ ಸೇರಿದ ಸೈಕಲ್ಲಿನಿಂದ ಅಂಗಡಿಗೆ ಬರುವ ಆದಾಯ ಏನೂ ಇಲ್ಲ. ಓಡುವ ಸೈಕಲ್ಲಿಗೆ ಟಯರ್, ಚೈನ್, ಬ್ರೇಕ್ ರಬ್ಬರ್, ಕೊನೆಗೊಂದು ದಿನ ರಿಮ್ಮೂ ಬೇಕಾಗುತ್ತದೆ. ತರಬೇತಿಯನ್ನು ಹೋಬಳಿಯ ಅನುಭವಿ ಮೆಕ್ಯಾನಿಕ್‌ಗಳಿಂದಲೇ, ಗೌರವಧನ ನೀಡಿ ಕೊಡಿಸಿದರೆ ಅವರ ವಿದ್ಯೆಗೂ ಮನ್ನಣೆ ದೊರೆಯುತ್ತದೆ.

10. ಪಂಚಾಯಿತಿಗಳ ಪರಿಶೀಲನೆಗೆ

ಮೇಲ್ಕಂಡ ವಿವರಗಳ ಹಿನ್ನೆಲೆಯಲ್ಲಿ ಈ ಕೆಳಕಂಡ ಅಂಶಗಳನ್ನು ಗ್ರಾಮ ಪಂಚಾಯಿತಿಗಳು ತಮ್ಮ ಸಭೆಗಳಲ್ಲಿ ಪರಿಶೀಲಿಸಬಹುದಾಗಿದೆ.

ಅ) ಪ್ರತಿ ಗ್ರಾಮಕ್ಕೂ ದುಬಾರಿ ಸ್ಟ್ಯಾಂಡ್ ಖರೀದಿಸುವ ಅಗತ್ಯವಿಲ್ಲ. ಒಂದು ಸ್ಟ್ಯಾಂಡಿನ ಮೊತ್ತದಲ್ಲಿ ಅನೇಕ ಹಳ್ಳಿಗಳಿಗೆ ಒಳ್ಳೆಯ ನಿಪ್ಪಲ್ ಕೀ, ಕೋನ್ ಸ್ಪ್ಯಾನರ್, ಸಣ್ಣ ಅರ ಮತ್ತು ಎಣ್ಣೆಡಬ್ಬಿ ಒದಗಿಸಬಹುದು.
ಆ) ಈ ಸಾಮಗ್ರಿಯನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಅರಿವು ಕೇಂದ್ರದಲ್ಲಿಟ್ಟು, ಪುಸ್ತಕದಂತೆ ವಹಿಯಲ್ಲಿ ದಾಖಲಿಸಿ ಎರವಲು ನೀಡಬಹುದು.
ಇ) ಶಾಲೆ ಆರಂಭವಾಗುವ ಮುನ್ನ ಒಂದು ದಿನ ಮಕ್ಕಳ ಸೈಕಲ್ಲುಗಳನ್ನು ಪರೀಕ್ಷಿಸುವ ವ್ಯವಸ್ಥೆ ಮಾಡಬಹುದು. ಬ್ರೇಕ್ ಹಿಡಿಯುತ್ತದೆಯೇ, ಚಕ್ರ ಕಾರ್ಡಿನ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆಯೇ, ಸತ್ತ ದನಿಯ ಕಡ್ಡಿ ಇದೆಯೇ ಎಂಬ ಮೂರು ಪ್ರಶ್ನೆಗಳು ಸಾಕು.
ಈ) ತರಬೇತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇರಬೇಕು. ದೂರದ ಶಾಲೆಗೆ ಸೈಕಲ್ ತುಳಿಯುವವರು ಅವರೇ ಆಗಿರುವಾಗ ರಿಪೇರಿಗೆ ಇನ್ನೊಬ್ಬರನ್ನು ಕಾಯುವ ಸ್ಥಿತಿ ಅವರಿಗೆ ಬರಬಾರದು.
ಉ) ಕಲಿಯುವವರು ಮೊದಲ ಪ್ರಯತ್ನವನ್ನು ಗುಜರಿಗೆ ಹೋಗಲಿರುವ ಹಳೆಯ ಚಕ್ರದ ಮೇಲೆ ಮಾಡಬೇಕು. ಬೇಕೆಂದೇ ನಾಲ್ಕು ನಿಪ್ಪಲ್ ತಿರುಗಿಸಿ ಬೆಂಡ್ ಮಾಡಿ, ಮತ್ತೆ ಅದನ್ನು ಸರಿಪಡಿಸುವುದಕ್ಕಿಂತ ಉತ್ತಮ ಪಾಠ ಬೇರೊಂದಿಲ್ಲ.

ಚಕ್ರವನ್ನು ನೇರಗೊಳಿಸುವುದು ಹೋಲಿಸಿ ನೋಡುವ ಕೆಲಸ. ಒಂದು ಕಡ್ಡಿಯ ದನಿಯನ್ನು ಇನ್ನೊಂದರ ದನಿಯೊಂದಿಗೆ, ಒಂದು ಬದಿಯ ಅಂತರವನ್ನು ಇನ್ನೊಂದು ಬದಿಯ ಅಂತರದೊಂದಿಗೆ ತಾಳ್ಮೆಯಿಂದ ಹೋಲಿಸಬಲ್ಲವರಿಗೆ ಸರಿಯಾದ ಅಳತೆಯ ನಿಪ್ಪಲ್ ಕೀ ಒಂದಿದ್ದರೆ ಸಾಕು. ಉಳಿದ ಉಪಕರಣಗಳನ್ನು ಕೆಲಸ ಹೆಚ್ಚಿದಾಗ, ಹಣ ಒದಗಿದಾಗ ಕೊಳ್ಳಬಹುದು. ಅಲ್ಲಿಯವರೆಗೆ ಕಾಯಬೇಕಾದ ಕಾರಣ ಕೊಟ್ಟಿಗೆಯಲ್ಲಿ ಒರಗಿರುವ ಯಾವ ಸೈಕಲ್ಲಿಗೂ ಇಲ್ಲ.